ನಮ್ಮ ಮನೆಯ ವೈ-ಫೈಗೆ ನಾವೇ ಕಾವಲು

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ" ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಮಕ್ಕಳಿಗೆ ಬಿಡಿಸಿ ಹೇಳಿದ್ದೇವೆ. ಆದರೆ ಆ ಗಾದೆ ನಮ್ಮ ಮನೆಗೇ ಅನ್ವಯಿಸುತ್ತದೆಂದು ನಮಗೆ ತಿಳಿದದ್ದು 2020ರಲ್ಲಿ. ಆ ವರ್ಷ ಶಾಲೆಗಳು ಮುಚ್ಚಿ, ಇಲ್ಲಿ ಬಹರೈನ್‌ನಲ್ಲಿ ನಮ್ಮೆಲ್ಲರ ಪಾಠ ಕಂಪ್ಯೂಟರ್ ಪರದೆಯ ಮೇಲೆ ಬಂದಿತ್ತು. ಬೆಳಗ್ಗೆ ಎಂಟಕ್ಕೆ ಕನ್ನಡ ಪಾಠ ಶುರುವಾದರೆ ಎಂಟೂ ಹತ್ತಕ್ಕೆ ಮಕ್ಕಳ ದೂರು: "ಟೀಚರ್, ನಿಮ್ಮ ಧ್ವನಿ ಕೇಳಿಸ್ತಾ ಇಲ್ಲ", "ಟೀಚರ್, ನೀವು ಅಲ್ಲೇ ನಿಂತುಬಿಟ್ರಿ". ಸಂಪರ್ಕ ಕೊಟ್ಟ ಕಂಪನಿಗೆ ಫೋನು ಮಾಡಿದೆವು. ಲೈನು ಸರಿಯಾಗಿಯೇ ಇದೆ ಎಂದರು.

ಕೊನೆಗೆ ದಾರಿ ತೋರಿಸಿದ್ದು ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿ. "ಟೀಚರ್, ನಿಮ್ಮ ರೂಟರಿಗೆ ಎಷ್ಟು ಜನ ಸೇರಿಕೊಂಡಿದ್ದಾರೆ, ನೋಡಿದ್ದೀರಾ?" ಎಂದು ಕೇಳಿದ. ನೋಡುವುದು ಹೇಗೆಂದೇ ನಮಗೆ ಗೊತ್ತಿರಲಿಲ್ಲ. ಅವನು ಫೋನಿನಲ್ಲಿ ಹೇಳುತ್ತ ಹೋದ, ನಾವು ಒತ್ತುತ್ತ ಹೋದೆವು. ನಮ್ಮ ಲೆಕ್ಕದಲ್ಲಿ ಮನೆಯಲ್ಲಿದ್ದ ಉಪಕರಣಗಳು 5. ಪಟ್ಟಿಯಲ್ಲಿದ್ದವು 11!

ಮೊದಲು ಸಿಟ್ಟು ಬಂದಿತು. ಪಕ್ಕದ ಮನೆಯವರ ಮೇಲೆ ಸಂಶಯವೂ ಬಂದಿತು. ಆದರೆ ಸಮಾಧಾನದಿಂದ ನಮ್ಮ ವಸ್ತುಗಳನ್ನೇ ಒಂದೊಂದಾಗಿ ಆರಿಸಿ ನೋಡಿದಾಗ ಟಿ.ವಿ. ಮತ್ತು ಕಪಾಟಿನಲ್ಲಿ ಮರೆತಿದ್ದ ಹಳೆಯ ಟ್ಯಾಬ್ಲೆಟ್ ಕೂಡ ಪಟ್ಟಿಯಲ್ಲಿರುವುದು ಗೊತ್ತಾಯಿತು. ಉಳಿದದ್ದು ನಾಲ್ಕು. ಅವುಗಳಲ್ಲಿ ಒಂದು ಪಕ್ಕದ ಫ್ಲ್ಯಾಟಿನ ಅಕ್ಕನದು. ಎರಡು ವರ್ಷದ ಹಿಂದೆ ಅವರು, "ಟೀಚರ್, ನಮ್ಮ ಲೈನು ಹೋಗಿದೆ, ಮಗುವಿಗೆ ಪ್ರಾಜೆಕ್ಟ್ ಕೊಡಲಿಕ್ಕುಂಟು" ಎಂದಾಗ ಪಾಸ್‌ವರ್ಡ್ ಹೇಳಿದ್ದು ನಾವೇ! ಅವರ ಫೋನು ಅದನ್ನು ಮರೆತಿರಲಿಲ್ಲ, ಅಷ್ಟೆ. ಉಳಿದ ಮೂರು ಯಾರವು ಎಂಬುದು ಇಂದಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮ ಪಾಸ್‌ವರ್ಡ್ ನಮ್ಮ ಮೊಬೈಲ್ ಸಂಖ್ಯೆಯೇ ಆಗಿತ್ತು. ಕಳ್ಳ ಗೋಡೆ ಕೊರೆದು ಬಂದಿರಲಿಲ್ಲ; ಬಾಗಿಲನ್ನು ನಾವೇ ತೆರೆದಿಟ್ಟಿದ್ದೆವು.

ನಾವು ಭಾಷೆ ಕಲಿಸುವವರು, ಕಂಪ್ಯೂಟರ್ ವಿಜ್ಞಾನ ಓದಿದವರಲ್ಲ. ಅಂದಿನಿಂದ ಕೇಳಿ, ಓದಿ, ಮಾಡಿ ನೋಡಿ ಕಲಿತದ್ದನ್ನು ನಮ್ಮ ಶಾಲೆಯ ಮಕ್ಕಳಿಗೂ ಪೋಷಕರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಹೋದರೆ ಏನು ಹೋದೀತು?

"ಸ್ವಲ್ಪ ಇಂಟರ್ನೆಟ್ ಬಳಸಿಕೊಂಡರೆ ನಮ್ಮ ಗಂಟೇನು ಹೋಗುತ್ತದೆ?" ಎಂದು ಕೇಳುವವರಿದ್ದಾರೆ. ಬಾವಿಯ ನೀರಿನಂತೆ ಹಂಚಿಕೊಂಡರೆ ತಪ್ಪೇನು ಎಂಬುದು ಒಳ್ಳೆಯ ಮನಸ್ಸಿನ ಪ್ರಶ್ನೆಯೇ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ನಮ್ಮ ವೈ-ಫೈ ಮೂಲಕ ಯಾರು ಏನೇ ಮಾಡಿದರೂ ಹೊರಜಗತ್ತಿಗೆ ಅದು ನಮ್ಮ ಮನೆಯ ವಿಳಾಸದಿಂದ ಹೋದಂತೆ ಕಾಣುತ್ತದೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಸ್ಫೋಟಕ್ಕೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೊರಟಾಗ ತಲುಪಿದ್ದು ನವಿ ಮುಂಬೈಯ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಾಗಿದ್ದವರು ಅಮೆರಿಕದ ಒಬ್ಬ ಪ್ರಜೆ. ಅವರಿಗೂ ಆ ಕೃತ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ರಕ್ಷಣೆಯಿಲ್ಲದ ಅವರ ವೈ-ಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ಆದರೂ ವಿಚಾರಣೆ ಎದುರಿಸಿದವರು ಅವರು, ಕಂಪ್ಯೂಟರ್ ಒಪ್ಪಿಸಬೇಕಾಗಿ ಬಂದದ್ದು ಅವರಿಗೆ. ಪರದೇಶದಲ್ಲಿ ದುಡಿದು ಬದುಕುವ ನಮ್ಮಂಥವರು ಈ ಘಟನೆಯನ್ನು ಮರೆಯಬಾರದು.

ಇನ್ನೊಂದು ಮಾತು. ಒಳಗೆ ಬಂದವರು ಮನೆಯ ಉಳಿದ ಉಪಕರಣಗಳ ಪಕ್ಕದಲ್ಲೇ ಬಂದು ಕುಳಿತಂತೆ. ಪ್ರಿಂಟರ್, ಕ್ಯಾಮೆರಾ, ಹಂಚಿಟ್ಟ ಕಡತಗಳು, ಕೊನೆಗೆ ರೂಟರಿನ ಹಿಡಿತ ಎಲ್ಲದರ ಬಾಗಿಲನ್ನೂ ಅವರು ತಟ್ಟಿ ನೋಡಬಹುದು. ಬ್ಯಾಂಕಿನ ತಾಣದೊಂದಿಗೆ ನಾವು ನಡೆಸುವ ವ್ಯವಹಾರ ಮತ್ತೊಂದು ಗುಟ್ಟಿನ ಲಿಪಿಯಲ್ಲಿ ಹೋಗುವುದರಿಂದ ಅದಕ್ಕಾಗಿ ವಿಪರೀತ ಹೆದರಬೇಕಾಗಿಲ್ಲ. ಹಾಗೆಂದು ಮುಂಬಾಗಿಲು ತೆರೆದಿಟ್ಟು ಮಲಗುವವರಿಲ್ಲವಲ್ಲ!

ಗೋಡೆ ದಾಟುವ ಅಲೆ, ಅದಕ್ಕೊಂದು ಬೀಗ

ವೈ-ಫೈ ಎಂದರೆ ರೇಡಿಯೋ ಅಲೆ. ತಂತಿಯಾಗಿದ್ದರೆ ಅದು ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಕಾಣುತ್ತಿತ್ತು. ಅಲೆಗೆ ನಮ್ಮ ಮನೆ, ಅವರ ಮನೆ ಎಂಬ ಭೇದವಿಲ್ಲ. ಮನಾಮಾದ ಯಾವುದೇ ಫ್ಲ್ಯಾಟಿನಲ್ಲಿ ಕುಳಿತು ಫೋನಿನಲ್ಲಿ ವೈ-ಫೈ ಪಟ್ಟಿ ತೆರೆದರೆ ಮೇಲಿನ ಮನೆ, ಕೆಳಗಿನ ಮನೆ, ಎಡಬಲದ ಮನೆಗಳ ಹೆಸರೆಲ್ಲ ಕಾಣುತ್ತವೆ. ಹಾಗೆಯೇ ನಮ್ಮದೂ ಅವರಿಗೆ ಕಾಣುತ್ತದೆ. ಗೋಡೆಗೂ ಕಿವಿಯಿದೆ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು! ಅಲೆಯನ್ನು ಗೋಡೆಯೊಳಗೆ ತಡೆದಿಡುವುದು ಕಷ್ಟ. ಆದ್ದರಿಂದ ಅಲೆಯಲ್ಲಿ ಹೋಗುವ ಮಾತನ್ನೇ ಬೇರೆಯವರಿಗೆ ಅರ್ಥವಾಗದ ಗುಟ್ಟಿನ ಲಿಪಿಗೆ ತಿರುಗಿಸುತ್ತಾರೆ. ಆ ಲಿಪಿಯ ಕೀಲಿಕೈಯೇ ಪಾಸ್‌ವರ್ಡ್.

ಈ ಬೀಗಗಳಿಗೂ ಒಂದು ಚರಿತ್ರೆಯಿದೆ. 1997ರಲ್ಲಿ ಬಂದ ಮೊದಲ ಬೀಗದ ಹೆಸರು ಡಬ್ಲ್ಯುಇಪಿ. ಅದರ ದೋಷವನ್ನು ಸಂಶೋಧಕರು 2001ರಲ್ಲೇ ತೋರಿಸಿಕೊಟ್ಟರು. ಇಂದು ಅದನ್ನು ನಿಮಿಷಗಳಲ್ಲಿ ಮುರಿಯಬಹುದು. 2003ರಲ್ಲಿ ತಾತ್ಕಾಲಿಕ ಪರಿಹಾರವಾಗಿ ಡಬ್ಲ್ಯುಪಿಎ ಬಂದಿತು, 2004ರಲ್ಲಿ ಡಬ್ಲ್ಯುಪಿಎ-2, 2018ರಲ್ಲಿ ಡಬ್ಲ್ಯುಪಿಎ-3. ನಮ್ಮ ರೂಟರಿನಲ್ಲಿ ಡಬ್ಲ್ಯುಪಿಎ-3 ಇದ್ದರೆ ಅದನ್ನೇ ಆರಿಸಬೇಕು. ಹಳೆಯ ಫೋನುಗಳು ಅದಕ್ಕೆ ಒಗ್ಗದಿದ್ದರೆ 2 ಮತ್ತು 3 ಕೂಡಿದ ಆಯ್ಕೆಯನ್ನೋ, ಡಬ್ಲ್ಯುಪಿಎ-2 ಅನ್ನೋ ಆರಿಸಬಹುದು. ಡಬ್ಲ್ಯುಇಪಿ ಮಾತ್ರ ಇರುವ ಹಳೆಯ ಪೆಟ್ಟಿಗೆಯಾದರೆ ಅದನ್ನು ಬದಲಾಯಿಸುವುದೇ ಒಳ್ಳೆಯದು.

ಕೀಲಿಕೈ ಗಟ್ಟಿಯಾಗಿರಲಿ

ಬೀಗ ಎಷ್ಟು ಒಳ್ಳೆಯದಿದ್ದರೂ ಕೀಲಿಕೈ ದುರ್ಬಲವಾಗಿದ್ದರೆ ವ್ಯರ್ಥ. ಡಬ್ಲ್ಯುಪಿಎ-2ರಲ್ಲಿ ಒಂದು ಫೋನು ರೂಟರಿಗೆ ಸೇರಿಕೊಳ್ಳುವಾಗ ಎರಡರ ನಡುವೆ ಚಿಕ್ಕ ಸಂಭಾಷಣೆ ನಡೆಯುತ್ತದೆ. ಹೊರಗೆ ಕುಳಿತವನು ಅದನ್ನು ಹಿಡಿದಿಟ್ಟುಕೊಂಡು ಹೋಗಿ, ತನ್ನ ಕಂಪ್ಯೂಟರಿಗೆ ಕೊಟ್ಟು, ಒಂದಾದ ಮೇಲೊಂದು ಪಾಸ್‌ವರ್ಡ್ ಊಹಿಸಿ ನೋಡಲು ಹೇಳಬಹುದು. ನಮಗೆ ಅದು ಗೊತ್ತೇ ಆಗುವುದಿಲ್ಲ. (ಡಬ್ಲ್ಯುಪಿಎ-3ರಲ್ಲಿ ಈ ದಾರಿಯನ್ನು ಮುಚ್ಚಿದ್ದಾರೆ. ಅಲ್ಲಿ ಪ್ರತಿಯೊಂದು ಊಹೆಯನ್ನೂ ರೂಟರಿನ ಮುಂದೆಯೇ ಬಂದು ಹೇಳಬೇಕು.)

ಮಕ್ಕಳೇ, ಈಗ ಸ್ವಲ್ಪ ಗಣಿತ ಮಾಡೋಣ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರು ಸೆಕೆಂಡಿಗೆ 4 ಲಕ್ಷ ಊಹೆ ಮಾಡುತ್ತದೆಂದು ಇಟ್ಟುಕೊಳ್ಳಿ.

ಬಹರೈನ್‌ನ ಮೊಬೈಲ್ ಸಂಖ್ಯೆಗೆ 8 ಅಂಕಿಗಳು. ಎಂಟು ಅಂಕಿಯಲ್ಲಿ ಬರೆಯಬಹುದಾದ ಸಂಖ್ಯೆಗಳು ಒಟ್ಟು 10 ಕೋಟಿ. ಅಷ್ಟನ್ನೂ ಪರೀಕ್ಷಿಸಲು ಬೇಕಾದ ಸಮಯ 250 ಸೆಕೆಂಡು, ಅಂದರೆ ನಾಲ್ಕು ನಿಮಿಷ ಚಿಲ್ಲರೆ. ನಮ್ಮ ಹಳೆಯ ಪಾಸ್‌ವರ್ಡಿನ ಬೆಲೆ ಅಷ್ಟೇ! ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಮನಬಂದಂತೆ 8 ಬರೆದರೆ ಸುಮಾರು 6 ದಿನ. ಅಂಥ 12 ಅಕ್ಷರ ಬರೆದರೆ ಸುಮಾರು 7,500 ವರ್ಷ. ನಾಲ್ಕೇ ಅಕ್ಷರ ಹೆಚ್ಚಿದ್ದಕ್ಕೆ ಎಷ್ಟು ವ್ಯತ್ಯಾಸ ನೋಡಿ. ಪ್ರತಿ ಅಕ್ಷರವೂ ಕೆಲಸವನ್ನು 26 ಪಟ್ಟು ಹೆಚ್ಚಿಸುತ್ತದೆ.

ಆದರೆ ಮನಬಂದಂತೆ ಬರೆದ 12 ಅಕ್ಷರ ನೆನಪಿನಲ್ಲಿ ಉಳಿಯುವುದು ಹೇಗೆ? ಇಲ್ಲಿ ನಮ್ಮ ವಿಷಯವಾದ ಕನ್ನಡ ಸಹಾಯಕ್ಕೆ ಬರುತ್ತದೆ. ಕನ್ನಡ ನಿಘಂಟನ್ನು ಕಣ್ಣು ಮುಚ್ಚಿಕೊಂಡು ಐದು ಕಡೆ ತೆರೆಯಿರಿ. ಪ್ರತಿ ಸಲವೂ ಬೆರಳು ಬಿದ್ದ ಪದವನ್ನು ಬರೆದುಕೊಳ್ಳಿ. ಕಠಿಣ ಪದವಾದರೆ ಮತ್ತೊಮ್ಮೆ ತೆರೆಯಿರಿ. ಉದಾಹರಣೆಗೆ: ಸೋಮವಾರ, ಒಂಟೆ, ಕೊಡೆ, ಕಿಟಕಿ, ಹುಣಸೆ. ಈ ಐದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆದರೆ ಪಾಸ್‌ವರ್ಡ್ ಸಿದ್ಧ. ನೆನಪಿಗೆ ಒಂದು ಕಥೆ ಕಟ್ಟಿಕೊಳ್ಳಿ: ಸೋಮವಾರ ಒಂಟೆಯೊಂದು ಕೊಡೆ ಹಿಡಿದು ಕಿಟಕಿಯಲ್ಲಿ ಕುಳಿತು ಹುಣಸೆ ತಿಂದಿತು. ಇದನ್ನು ಕೇಳಿದ ನಮ್ಮ ಮನೆಯ ಪುಟ್ಟಿ ನಕ್ಕವಳು ಇನ್ನೂ ಮರೆತಿಲ್ಲ. (ಇದು ಪತ್ರಿಕೆಯಲ್ಲಿ ಅಚ್ಚಾಗಿರುವುದರಿಂದ ನೀವ್ಯಾರೂ ಇದನ್ನೇ ಇಟ್ಟುಕೊಳ್ಳಬೇಡಿ. ನಾವೂ ಇಟ್ಟುಕೊಂಡಿಲ್ಲ!)

ಇದು ಎಷ್ಟು ಗಟ್ಟಿ? ನಾವು 5,000 ಪದಗಳ ಪಟ್ಟಿಯಿಂದ ಆರಿಸಿದ್ದೇವೆಂದು ಕಳ್ಳನಿಗೆ ತಿಳಿದಿದೆ, ಆ ಪಟ್ಟಿಯೂ ಅವನ ಬಳಿ ಇದೆ ಎಂದೇ ಇಟ್ಟುಕೊಳ್ಳೋಣ. ನಾಲ್ಕು ಪದಗಳಾದರೆ ಅದೇ ವೇಗದಲ್ಲಿ ಸುಮಾರು 50 ವರ್ಷ ಬೇಕು. ನೂರು ಯಂತ್ರ ಕೂಡಿಸಿದರೆ ಅದು ಆರು ತಿಂಗಳಿಗೆ ಇಳಿಯುತ್ತದೆ. ಐದು ಪದಗಳಾದರೆ ಒಂದು ಯಂತ್ರಕ್ಕೆ ಸುಮಾರು ಎರಡೂವರೆ ಲಕ್ಷ ವರ್ಷ, ನೂರು ಯಂತ್ರಗಳಿಗೂ ಎರಡೂವರೆ ಸಾವಿರ ವರ್ಷ. ಆದ್ದರಿಂದ ಐದೇ ಇರಲಿ. ಕನ್ನಡ ಎಂಬ ಒಂದೇ ಕಾರಣಕ್ಕೆ ಅದು ಗಟ್ಟಿಯಾಗುವುದಿಲ್ಲ. ಪದಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿರುವುದೇ ಅದರ ಬಲ. ಎಲ್ಲರಿಗೂ ಗೊತ್ತಿರುವ ಗಾದೆ, ಹಾಡಿನ ಸಾಲು, ದೇವರ ಹೆಸರು, ಮಕ್ಕಳ ಹೆಸರಿನ ಜೊತೆ ಹುಟ್ಟಿದ ವರ್ಷ ಇವು ಯಾವುವೂ ಬೇಡ. ಮತ್ತೊಂದು ಎಚ್ಚರಿಕೆ: ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಪ ಒಂದು ಥರ ಬರೆದರೆ ಅಮ್ಮ ಒಂದು ಥರ ಬರೆಯುತ್ತಾರೆ. ಆದ್ದರಿಂದ ಕಾಗುಣಿತವನ್ನು ಮೊದಲೇ ನಿರ್ಧರಿಸಿ, ಒಂದು ಪುಸ್ತಕದಲ್ಲಿ ಬರೆದು, ಮನೆಯ ಕಪಾಟಿನಲ್ಲಿಡಿ. ರೂಟರಿನ ಮೇಲೆ ಚೀಟಿ ಅಂಟಿಸಬೇಡಿ.

ಮರೆತುಹೋಗುವ ಎರಡು ಕಿಂಡಿಗಳು

ಮೊದಲನೆಯದು ರೂಟರಿನದೇ ಪಾಸ್‌ವರ್ಡ್. ಇದು ವೈ-ಫೈ ಪಾಸ್‌ವರ್ಡ್ ಅಲ್ಲ, ಬೇರೆ. ವೈ-ಫೈ ಪಾಸ್‌ವರ್ಡ್ ಮನೆಯೊಳಗೆ ಬರಲು. ಇದು ಮನೆಯ ಬೀಗವನ್ನೇ ಬದಲಾಯಿಸಲು. ರೂಟರಿನ ಕೆಳಗೆ ಅಂಟಿಸಿರುವ ಚೀಟಿಯಲ್ಲಿ 192.168.1.1ರಂಥ ಒಂದು ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಇರುತ್ತವೆ. ಮನೆಯ ವೈ-ಫೈಗೆ ಸೇರಿರುವ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬ್ರೌಸರ್ ತೆರೆದು ಆ ವಿಳಾಸ ಬರೆದರೆ ರೂಟರಿನ ಪುಟ ತೆರೆಯುತ್ತದೆ. ಈಗಿನ ಹಲವು ಕಂಪನಿಗಳು ಇದಕ್ಕೆಂದೇ ಆ್ಯಪ್ ಕೊಡುತ್ತವೆ. ಹಳೆಯ ಪೆಟ್ಟಿಗೆಗಳಲ್ಲಿ ಹೆಸರೂ "ಅಡ್ಮಿನ್", ಪಾಸ್‌ವರ್ಡೂ "ಅಡ್ಮಿನ್"! 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದಲೇ ಬಂದ ಇಂಥ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಇಟ್ಟುಕೊಂಡು ಜಗತ್ತಿನಾದ್ಯಂತ ಲಕ್ಷಾಂತರ ರೂಟರು, ಕ್ಯಾಮೆರಾಗಳನ್ನು ವಶಮಾಡಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಅವುಗಳನ್ನು ಬಳಸಿ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವರಿಗೆ ಗಂಟೆಗಟ್ಟಲೆ ಸಿಗದಂತಾದವು. ಆದ್ದರಿಂದ ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಬೇಕು.

ಎರಡನೆಯದು ಡಬ್ಲ್ಯುಪಿಎಸ್ ಎಂಬ ಸೌಲಭ್ಯ. ಉದ್ದದ ಪಾಸ್‌ವರ್ಡ್ ಬರೆಯುವ ಕಷ್ಟ ತಪ್ಪಿಸಲು 8 ಅಂಕಿಯ ಒಂದು ಸಂಖ್ಯೆ ಕೊಟ್ಟು ಸೇರಿಕೊಳ್ಳುವ ವ್ಯವಸ್ಥೆ ಇದು. ಕೊನೆಯ ಅಂಕಿಯನ್ನು ಮೊದಲ ಏಳರಿಂದ ಲೆಕ್ಕ ಹಾಕುವುದರಿಂದ ಊಹಿಸಬೇಕಾದ ಸಂಖ್ಯೆಗಳು 1 ಕೋಟಿ. ಆದರೆ ರೂಟರು ಈ ಸಂಖ್ಯೆಯನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಮೊದಲ ನಾಲ್ಕು ಅಂಕಿ ಸರಿಯಾದರೆ ಹಾಗೆಂದು ತಿಳಿದುಬಿಡುತ್ತದೆ. ಆಗ ಕಳ್ಳನ ಕೆಲಸ 10,000 ಮತ್ತು 1,000, ಒಟ್ಟು 11,000 ಊಹೆಗಳಿಗೆ ಇಳಿಯಿತು! ಈ ದೋಷ ಬಹಿರಂಗವಾದದ್ದು 2011ರ ಡಿಸೆಂಬರ್‌ನಲ್ಲಿ. ಮುಂಬಾಗಿಲಿಗೆ ಐದು ಪದದ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಡುವುದು ಬೇಡ. ರೂಟರಿನ ಪುಟದಲ್ಲಿ ಇದನ್ನು ಆರಿಸಿಬಿಡಿ.

ನೆಂಟರಿಗೆ ಜಗಲಿ

ನಮ್ಮ ಊರ ಕಡೆಯ ಮನೆಗಳಲ್ಲಿ ಜಗಲಿ ಇರುತ್ತದೆ. ದಾರಿಹೋಕರು ಬಂದರೆ ಅಲ್ಲಿ ಕುಳಿತು ಬೆಲ್ಲ-ನೀರು ಕುಡಿದು ಹೋಗುತ್ತಾರೆ. ನಡುಮನೆಗೆ ಬರುವವರು ಮನೆಯವರು ಮಾತ್ರ. ಹಾಗೆಂದು ಜಗಲಿಯಲ್ಲಿ ಕೂರಿಸಿದ್ದು ಅವಮಾನವೆಂದು ಯಾರೂ ಭಾವಿಸುವುದಿಲ್ಲ. ಈಗಿನ ಹೆಚ್ಚಿನ ರೂಟರುಗಳಲ್ಲಿ "ಗೆಸ್ಟ್ ನೆಟ್‌ವರ್ಕ್" ಎಂಬ ಜಗಲಿ ಇದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅಲ್ಲಿ ಬಂದವರಿಗೆ ಇಂಟರ್ನೆಟ್ ಸಿಗುತ್ತದೆ. ಆದರೆ ಮನೆಯ ಕಂಪ್ಯೂಟರು, ಪ್ರಿಂಟರುಗಳಿರುವ ನಡುಮನೆಯಿಂದ ಅವರನ್ನು ಬೇರೆಯಾಗಿ ಇಡುವುದು ಅದರ ಉದ್ದೇಶ.

ಪಾಸ್‌ವರ್ಡ್ ಕೇಳಿದವರಿಗೆ ಇಲ್ಲವೆನ್ನುವ ಸಂಕೋಚವೇ ನಮ್ಮಲ್ಲಿ ಅನೇಕರಿಗೆ ದೊಡ್ಡ ತೊಡಕು. ಪರದೇಶದಲ್ಲಿ ನೆರೆಹೊರೆಯವರೇ ಬಂಧುಗಳು, ಇಲ್ಲವೆನ್ನುವುದಾದರೂ ಹೇಗೆ? ಜಗಲಿ ಇದ್ದರೆ ಇಲ್ಲವೆನ್ನಬೇಕಾಗಿಯೇ ಇಲ್ಲ. ನೆರೆಮನೆಯ ಲೈನು ಸರಿಯಾದ ಮೇಲೋ, ನೆಂಟರು ಊರಿಗೆ ಹೊರಟ ಮೇಲೋ ಆ ಪಾಸ್‌ವರ್ಡನ್ನು ಮಾತ್ರ ಬದಲಾಯಿಸಿದರೆ ಸಾಕು. ನಾವು ಪಕ್ಕದ ಮನೆಯ ಅಕ್ಕನಿಗೂ ಹೀಗೆಯೇ ಹೇಳಿದೆವು. ಅವರು ನಕ್ಕು, "ನಮ್ಮ ಮನೆಯಲ್ಲೂ ಹಾಗೆಯೇ ಮಾಡಿಕೊಡಿ" ಎಂದರು. ಸ್ನೇಹವೂ ಉಳಿಯಿತು, ಬೀಗವೂ ಬಿತ್ತು.

ನಿಜವಲ್ಲದ ಧೈರ್ಯ

ವೈ-ಫೈ ಹೆಸರನ್ನು ಪಟ್ಟಿಯಲ್ಲಿ ಕಾಣದಂತೆ ಮುಚ್ಚಿಟ್ಟರೆ ಸಾಕು ಎನ್ನುವವರಿದ್ದಾರೆ. ನಮ್ಮದೇ ಫೋನು ಸೇರಿಕೊಳ್ಳುವಾಗ ಆ ಹೆಸರನ್ನು ಬಹಿರಂಗವಾಗಿ ಹೇಳುವುದರಿಂದ ಹುಡುಕುವವನಿಗೆ ಅದು ಸಿಕ್ಕೇ ಸಿಗುತ್ತದೆ. ಪ್ರತಿ ಉಪಕರಣಕ್ಕೂ ಇರುವ 12 ಅಕ್ಷರದ ಮ್ಯಾಕ್ ವಿಳಾಸವನ್ನು ಬರೆದಿಟ್ಟು, ಅವುಗಳನ್ನು ಮಾತ್ರ ಒಳಗೆ ಬಿಡುವ ಕ್ರಮವೂ ಇದೆ. ಆ ವಿಳಾಸವೂ ಗಾಳಿಯಲ್ಲಿ ತೆರೆದೇ ಹೋಗುತ್ತದೆ, ನಕಲು ಮಾಡುವುದು ಸುಲಭ. ಇವು ತಿಳಿಯದವರನ್ನು ತಡೆಯಬಹುದು, ತಿಳಿದವರನ್ನಲ್ಲ. ಈಗಿನ ಫೋನುಗಳು ಒಂದೊಂದು ವೈ-ಫೈಗೂ ಒಂದೊಂದು ಹುಸಿ ಮ್ಯಾಕ್ ವಿಳಾಸ ಕೊಡುತ್ತವೆ. ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡ ಕೂಡಲೇ ನೆರೆಯವರೊಡನೆ ಜಗಳಕ್ಕೆ ಹೋಗಬೇಡಿ. ಅದು ನಿಮ್ಮ ಮಗನ ಹೊಸ ಫೋನೇ ಇರಬಹುದು! ಸಂಶಯ ಬಂದರೆ ಪಾಸ್‌ವರ್ಡ್ ಬದಲಾಯಿಸಿ. ಆಗ ಎಲ್ಲರೂ ಒಮ್ಮೆಗೇ ಹೊರಗೆ ಹೋಗುತ್ತಾರೆ, ನಮ್ಮವರು ಮಾತ್ರ ಮತ್ತೆ ಒಳಗೆ ಬರುತ್ತಾರೆ.

ರೂಟರಿನ ತಂತ್ರಾಂಶವನ್ನು ಹೊಸದಾಗಿ ಇಟ್ಟುಕೊಳ್ಳುವುದೂ ಮುಖ್ಯ. 2017ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಮ್ಯಾಥಿ ವ್ಯಾನ್‌ಹೂಫ್ ಎಂಬ ಸಂಶೋಧಕರು, ಬಲವಾದ ಬೀಗವೆಂದು ಎಲ್ಲರೂ ನಂಬಿದ್ದ ಡಬ್ಲ್ಯುಪಿಎ-2ರಲ್ಲೂ ಒಂದು ದೋಷವಿರುವುದನ್ನು ತೋರಿಸಿದರು. ಪರಿಹಾರ ಬಂದದ್ದು ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ. ಅದನ್ನು ಹಾಕಿಕೊಂಡವರಿಗೆ ಮಾತ್ರ ಅದರ ಪ್ರಯೋಜನ.

ಮಕ್ಕಳೇ, ನಿಮಗೊಂದು ಮಾತು

ಮನೆಯ ಪಾಸ್‌ವರ್ಡ್ ಮನೆಯ ಕೀಲಿಕೈ. ಗೆಳೆಯ ಕೇಳಿದನೆಂದು ಅಪ್ಪ-ಅಮ್ಮನನ್ನು ಕೇಳದೆ ಕೊಡಬೇಡಿ. ಈಗ ಫೋನಿನಿಂದ ಫೋನಿಗೆ ಚೌಕದ ಚಿತ್ರ ತೋರಿಸಿದರೂ ಪಾಸ್‌ವರ್ಡ್ ದಾಟಿಹೋಗುತ್ತದೆ. ಒಬ್ಬರಿಗೆ ಕೊಟ್ಟದ್ದು ಹತ್ತು ಜನರಿಗೆ ಹೋಗಲು ಒಂದು ಸಂಜೆ ಸಾಕು. ಹಾಗೆಯೇ ಬೇರೆಯವರ ವೈ-ಫೈ ತೆರೆದಿದೆಯೆಂದು ಕೇಳದೆ ಒಳಗೆ ಹೋಗಬೇಡಿ. ಭಾರತದಲ್ಲಿ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ ಒಡೆಯರ ಅನುಮತಿಯಿಲ್ಲದೆ ಅವರ ಕಂಪ್ಯೂಟರ್ ಜಾಲವನ್ನು ಪ್ರವೇಶಿಸುವುದು ತಪ್ಪು. ನಾವಿರುವ ಬಹರೈನ್‌ನಲ್ಲೂ ಮಾಹಿತಿ ತಂತ್ರಜ್ಞಾನದ ಅಪರಾಧಗಳಿಗೆಂದೇ 2014ರ ಕಾನೂನಿದೆ. ಕಾನೂನಿರಲಿ ಬಿಡಲಿ, ಬಾಗಿಲು ತೆರೆದಿರುವುದು ಬನ್ನಿ ಎಂದು ಕರೆದಂತಲ್ಲ.

ಪೋಷಕರೇ, ಈ ಶುಕ್ರವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರೂಟರಿನ ಪುಟ ತೆರೆಯಿರಿ. ಒಳಗಿರುವ ಉಪಕರಣಗಳನ್ನು ಎಣಿಸಿ, ರೂಟರಿನ ಪಾಸ್‌ವರ್ಡ್ ಬದಲಾಯಿಸಿ, ಬೀಗ ಯಾವುದೆಂದು ನೋಡಿ, ಡಬ್ಲ್ಯುಪಿಎಸ್ ಆರಿಸಿ, ಜಗಲಿ ಕಟ್ಟಿ. ಕೊನೆಯಲ್ಲಿ ನಿಘಂಟನ್ನು ಮಕ್ಕಳ ಕೈಗೆ ಕೊಡಿ. ಕನ್ನಡ ಪುಸ್ತಕ ಮುಟ್ಟದ ಮಗುವೂ ಅಂದು ಐದು ಪದ ಕಲಿಯುತ್ತದೆ, ಮನೆಯ ಕಾವಲಿಗೆ ತಾನೂ ಒಂದು ಕೈ ಕೊಟ್ಟೆನೆಂದು ಹೆಮ್ಮೆಪಡುತ್ತದೆ. ನಮ್ಮ ಮನೆಯ ಪಟ್ಟಿಯಲ್ಲಿ ಈಗ ಇರುವುದು ಏಳೇ ಉಪಕರಣ. ಏಳೂ ನಮ್ಮವೇ. ಎಂಟನೆಯ ತರಗತಿಯ ಆ ಹುಡುಗನಿಗೆ ನಾವು ಇಂದಿಗೂ ಋಣಿಗಳು.